ಮೊಳೆಯ ಮೇಲೆ ಉಳಿದ ಬಿಲ್ಲೆ

ಕಿಂಡಿ ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವರು ಹೋಗಿ ಒಂಬತ್ತು ದಿನಗಳಾದ ಮೇಲೆ, ಕಾರ್ಖಾನೆಯ ಬಸ್ಸಿನಲ್ಲಿ. ಲೇತ್ ವಿಭಾಗದ ಗೋವಿಂದ ಹೆಬ್ಬಾಳದಲ್ಲಿ ಹತ್ತಿದವನು ನನ್ನ ಸೀಟಿನ ಕಂಬಿ ಹಿಡಿದು ನಿಂತು, "ಮೇಷ್ಟ್ರು ಹೋಗ್ಬಿಟ್ರಂತೆ ಕಣಮ್ಮ, ಗೊತ್ತಾಯ್ತಾ?" ಎಂದ. ನಾನು "ಹೌದಾ" ಎಂದೆ. ಅಷ್ಟೇ ಅಂದದ್ದು. ಆ ದಿನ ಆಫೀಸಿನಲ್ಲಿ ಎರಡು ಕೈಪಿಡಿಗಳ ಟೈಪ್ ಪ್ರತಿ ತಿದ್ದಿದೆ, ಒಂದು ತಪ್ಪನ್ನೂ ಬಿಡಲಿಲ್ಲ. ಮಧ್ಯಾಹ್ನ ಡಬ್ಬಿಯಲ್ಲಿದ್ದ ಅನ್ನವನ್ನೆಲ್ಲ ತಿಂದೆ. ಸಾವಿನ ಸುದ್ದಿ ಕೇಳಿದವರು ಹೇಗೆ ಇರಬೇಕೋ ಹಾಗೆ ನಾನಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಅವರು ನಿಜವಾಗಿ ಮೇಷ್ಟ್ರಲ್ಲ. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿದ್ದ ನಮ್ಮ ಕಾರ್ಖಾನೆಯ ಉಪಕರಣಗಳ ಕೋಣೆಯಲ್ಲಿ, ಕಬ್ಬಿಣದ ಜಾಲರಿಯ ನಡುವೆ ಕತ್ತರಿಸಿದ ಒಂದು ಕಿಂಡಿಯ ಹಿಂದೆ ನಿಂತು ಸಾಮಾನು ಕೊಡುವವರು. ಕೆಲಸಕ್ಕೆ ಸೇರಿದ ದಿನ ನಮಗೆಲ್ಲ ನಂಬರು ಒತ್ತಿದ ಐದೈದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ನನ್ನ ನಂಬರು ೬೧೪. ಒಂದು ಸ್ಕ್ರೂಡ್ರೈವರ್ ಬೇಕೆಂದರೆ ಒಂದು ಬಿಲ್ಲೆ ಕೊಡಬೇಕು. ಅವರು ಸ್ಕ್ರೂಡ್ರೈವರ್ ತೆಗೆದುಕೊಟ್ಟು, ಹಲಗೆಯಲ್ಲಿ ಅದು ತೂಗುತ್ತಿದ್ದ ಮೊಳೆಗೆ ಬಿಲ್ಲೆಯನ್ನು ಸಿಕ್ಕಿಸುವರು. ಸಂಜೆ ಸಾಮಾನು ವಾಪಸ್ ಕೊಟ್ಟರೆ ಬಿಲ್ಲೆ ವಾಪಸ್. ಮೊಳೆಯ ಮೇಲೆ ಬಿಲ್ಲೆ ಉಳಿದಿದೆ ಎಂದರೆ ಸಾಮಾನು ಇನ್ನೂ ಯಾರದೋ ಕೈಯಲ್ಲಿದೆ ಎಂದರ್ಥ. ಎಲ್ಲ ಬಿಲ್ಲೆ ಇಳಿಯುವ ತನಕ ಅವರು ಮನೆಗೆ ಹೋಗುವಂತಿರಲಿಲ್ಲ.

ಗದಗದ ಕಡೆಯವರು. ಟಿ. ದಾಸರಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ನಿಂತಲ್ಲೇ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ಇರುವರು. ಮೊದಮೊದಲು ನಾನು ಅದು ಅವರ ಚಟ ಎಂದುಕೊಂಡಿದ್ದೆ. ಒಂದು ದಿನ ಕೆಳಗೆ ಬಿದ್ದ ಅಳತೆಯ ಗೇಜನ್ನು ಎತ್ತಿಕೊಳ್ಳಲು ಪ್ಯಾಂಟು ಮೇಲಕ್ಕೆ ಎಳೆದುಕೊಂಡು ಬಗ್ಗಿದಾಗ ಕಂಡಿತು. ಎರಡೂ ಮೀನಖಂಡಗಳಲ್ಲಿ ನರಗಳು ಹಗ್ಗದ ಗಂಟಿನ ಹಾಗೆ ಉಬ್ಬಿ ನೀಲಿಯಾಗಿದ್ದವು. ಹದಿನಾಲ್ಕು ವರ್ಷ ನಿಂತ ಕಾಲುಗಳು. ಕೋಣೆಯಲ್ಲಿ ಒಂದು ಸ್ಟೂಲು ಇತ್ತು, ಇಲ್ಲವೆಂದಲ್ಲ. ಆದರೆ ಕಿಂಡಿ ಎದೆಯ ಎತ್ತರಕ್ಕಿತ್ತು, ಅದರ ಮುಂದೆ ಸಾಲು ಯಾವತ್ತೂ ಮುಗಿಯುತ್ತಿರಲಿಲ್ಲ. "ಡಾಕ್ಟರು ಹೇಳ್ಯಾರ, ಕುಂತು ಮಾಡೂ ಕೆಲಸ ನೋಡ್ಕೋರಿ ಅಂತ. ಕುರ್ಚಿ ಏನ್ ಗಿಡದಾಗ ಬಿಡ್ತೈತೇನು?" ಎಂದು ನಗುತ್ತಿದ್ದರು.

ಕುರ್ಚಿ ಇದ್ದದ್ದು ಮಹಡಿಯ ಮೇಲೆ, ಟೆಕ್ನಿಕಲ್ ಆಫೀಸಿನಲ್ಲಿ. ಹೊರದೇಶದ ಯಂತ್ರಗಳ ಜೊತೆ ಬರುತ್ತಿದ್ದ ಇಂಗ್ಲಿಷ್ ಕೈಪಿಡಿಗಳನ್ನು ಓದಿ, ತಿದ್ದಿ, ಟೈಪ್ ಮಾಡಿಸಿ ಕೆಳಗೆ ಕಳಿಸುವ ಕೆಲಸ ಅಲ್ಲಿಯದು. ಕೆಳಗಿನವರು ಅಲ್ಲಿಗೆ ಹೋಗಬೇಕಾದರೆ ಕಾರ್ಖಾನೆಯೇ ನಡೆಸುವ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಯಲ್ಲಿ ಪಾಸಾಗಬೇಕು. ಒಬ್ಬರಿಗೆ ಮೂರೇ ಅವಕಾಶ. ನಾನು ಸೇರುವ ಹೊತ್ತಿಗೆ ಮೇಷ್ಟ್ರು ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದರು. ಮೂರನೆಯದಕ್ಕೆ ಓದುತ್ತಿದ್ದರು. ಅಂಥವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ಅವರ ಇನ್ನೊಂದು ಹಲಗೆ.

ಸಾಮಾನು ತೂಗುಹಾಕುವ ದೊಡ್ಡ ಹಲಗೆಯ ಪಕ್ಕದಲ್ಲಿ ಅವರು ಪ್ಯಾಕಿಂಗ್ ಪೆಟ್ಟಿಗೆಯ ಮರದಿಂದ ಒಂದು ಚಿಕ್ಕ ಹಲಗೆ ಮಾಡಿಕೊಂಡಿದ್ದರು. ಅದರ ಮೇಲೆ ನಾಲ್ಕು ಸಾಲು ಮೊಳೆ. ಒಂದೊಂದು ಮೊಳೆಗೆ ಒಂದೊಂದು ಚೀಟಿ, ಚೀಟಿಯಲ್ಲಿ ಒಂದು ಇಂಗ್ಲಿಷ್ ಪದ, ಹಿಂದೆ ಕನ್ನಡದಲ್ಲಿ ಅರ್ಥ. ಪರೀಕ್ಷೆಗೆ ಓದುವವರು ಯಾರು ಬೇಕಾದರೂ ಟೀ ಬಿಡುವಿನಲ್ಲಿ ಬಂದು ಒಂದು ಪದ ತೆಗೆದುಕೊಂಡು ಹೋಗಬಹುದು. ಬಿಲ್ಲೆ ಇಡಬೇಕು. ಪದವನ್ನು ವಾಪಸ್ ಕೊಟ್ಟರೆ ಬಿಲ್ಲೆ ವಾಪಸ್. ಪದ ವಾಪಸ್ ಕೊಡುವುದೆಂದರೆ ಕಿಂಡಿಯ ಮುಂದೆ ನಿಂತು ಆ ಪದವನ್ನು ಬಳಸಿ ಒಂದು ವಾಕ್ಯ ಹೇಳುವುದು. ಅದೂ ನಿಜವಾಗಿ ನಡೆದದ್ದಾಗಿರಬೇಕು. ಅದರಲ್ಲಿ ಅವರು ಮಹಾ ಕಟ್ಟುನಿಟ್ಟು.

ನಾನು ಮೊದಲ ಸಲ ತೆಗೆದುಕೊಂಡ ಪದಕ್ಕೆ ನಿಘಂಟಿನಲ್ಲಿದ್ದ ವಾಕ್ಯವನ್ನೇ ಬಾಯಿಪಾಠ ಮಾಡಿ ಒಪ್ಪಿಸಿದೆ. ಅವರು ಬಿಲ್ಲೆಗೆ ಕೈ ಹಾಕಲೇ ಇಲ್ಲ.

"ಇದು ಡಿಕ್ಷನರಿ ಬರೆದಾಂವಗ ಆಗಿದ್ದು. ನಿನಗೇನಾತು ಅದನ್ನ ಹೇಳವಾ ತಂಗೆವ್ವಾ."

"ನಂಗೇನೂ ಆಗಿಲ್ಲ ಸಾರ್."

"ಹಂಗಾರ ಆಗೂ ತನಕ ಇಟ್ಕೋ. ಸ್ಪ್ಯಾನರ್ ಒಯ್ದು ಒಂದು ನಟ್ಟೂ ತಿರುವದs ತಿರುಗಿ ತಂದ್ರ, ಒಯ್ದಿದ್ದ್ಯಾಕ?"

ಉಚ್ಚಾರ ಕೆಟ್ಟಿದ್ದರೆ ಗೇಜನ್ನು ಬೆಳಕಿಗೆ ಹಿಡಿದು ನೋಡುವವರಂತೆ ಕಣ್ಣು ಕಿರಿದು ಮಾಡಿ, "ತುದಿ ಮುಕ್ಕಾಗೇತಿ. ಸಾಣಿ ಹಿಡದು ತಾ" ಎಂದು ಕಳಿಸುವರು. ಗೋವಿಂದನಿಗೆ ಒಮ್ಮೆ ರಾವೆನಸ್ ಎಂಬ ಪದ ಸಿಕ್ಕಿತು, ಹೊಟ್ಟೆ ಬೆಂಕಿಯಾಗುವಷ್ಟು ಹಸಿದವನು ಎಂದರ್ಥ. ಕ್ಯಾಂಟೀನಿನವರು ಮುಷ್ಕರ ಹೂಡಿದ ದಿನ ಊಟವಿರಲಿಲ್ಲ. ಅವನು ಕಿಂಡಿಗೆ ಓಡಿ ಬಂದು, "ಐ ಆಮ್ ರಾವೆನಸ್ ಸಾರ್, ಬಟ್ ಕ್ಯಾಂಟೀನ್ ಈಸ್ ಕ್ಲೋಸ್ಡ್" ಎಂದು ಕೂಗಿದ. ಮೇಷ್ಟ್ರು ಬಿಲ್ಲೆಯ ಜೊತೆ ತಮ್ಮ ಡಬ್ಬಿಯಿಂದ ಒಂದು ಜೋಳದ ರೊಟ್ಟಿಯನ್ನೂ ಕಿಂಡಿಯಿಂದ ಆಚೆ ಚಾಚಿದರು. "ಪದಾ ಬರಾಬರಿ ಕೂತೈತಿ. ರೊಟ್ಟಿ ಅದಕ್ಕ ಬಹುಮಾನ" ಎಂದರು. ಗೋವಿಂದ ಇವತ್ತಿಗೂ ಊಟಕ್ಕೆ ಕೂತರೆ ಆ ಪದ ಹೇಳುತ್ತಾನೆ.

ನಮ್ಮದು ಅಮೃತಹಳ್ಳಿ. ಅಪ್ಪ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದರು, ನಾನು ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಓದಿದವಳು, ಕಾರ್ಖಾನೆಯಲ್ಲಿ ಸಣ್ಣ ಬಿಡಿಭಾಗಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೆಲಸ. ಪರೀಕ್ಷೆಯ ವಿಷಯ ಹೇಳಿದಾಗ ಅಪ್ಪ, "ಇಂಗ್ಲೀಸ್ ಅಂದ್ರೆ ಇಂಗೇ ಬಂದ್ಬುಡ್ತದಾ? ಏಳ್ಕೊಡೋರ್ ಯಾರವ್ರೆ?" ಎಂದರು. ಇದ್ದಾರೆ ಎಂದೆ. ಎರಡು ವರ್ಷದಲ್ಲಿ ಆ ಹಲಗೆಯ ಪದಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಾನು ಒಯ್ದು ವಾಪಸ್ ಕೊಟ್ಟೆ. ಅವುಗಳಿಗೆ ವಾಕ್ಯ ಸಿಗಲೆಂದು ನನ್ನ ದಿನಗಳನ್ನು ಕಣ್ಣಿಟ್ಟು ನೋಡುವುದನ್ನು ಕಲಿತೆ. ಬಸ್ಸು ಕೆಟ್ಟರೆ, ಅಮ್ಮ ಬೈದರೆ, ಫೋರ್‌ಮನ್ ಸುಳ್ಳು ಹೇಳಿದರೆ ನನಗೆ ಲಾಭವೇ.

ಇಷ್ಟೆಲ್ಲ ತಿಳಿದವರು ಎರಡು ಸಲ ಫೇಲಾದದ್ದು ಹೇಗೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡನೆಯ ಸಲ ರೈಲ್ವೆ ಸ್ಟೇಷನ್ನಿನ ಮೇಲೆ ಪ್ರಬಂಧ ಬರೆಯಲು ಬಂದಿತ್ತಂತೆ. ಯಶವಂತಪುರ ಸ್ಟೇಷನ್ನನ್ನು ಇಪ್ಪತ್ತು ವರ್ಷ ಕಂಡವರು. ಆದರೆ ಪೆನ್ನು ಹಿಡಿದೊಡನೆ ಹಲಗೆಯ ಮೇಲಿದ್ದ ಪದಗಳೆಲ್ಲ ಒಟ್ಟಿಗೆ ನುಗ್ಗಿ ಬಂದವು. ರೈಲಿನ ಎಂಜಿನ್ನಿಗೆ ಉದಾರಹೃದಯಿ ಎಂಬರ್ಥದ ಪದ ಹಾಕಿದರು, ಹಮಾಲರಿಗೆ ಮಹಾಮಹಿಮರು ಎಂದರು. ತರಬೇತಿ ಅಧಿಕಾರಿ ಅವರನ್ನು ಕರೆಸಿ, "ಏನ್ರೀ ಇದು, ಡಿಕ್ಷನರಿ ನುಂಗಿ ಕಕ್ಕಿದ ಹಾಗಿದೆ" ಎಂದರಂತೆ. ಹೇಳುತ್ತಾ ಮೇಷ್ಟ್ರು ಜೋರಾಗಿ ನಕ್ಕರು. "ಬ್ಯಾರೇದವ್ರಿಗೆ ಪದಾ ಕೊಡೂ ಮುಂದ ಯಾವ ಕೆಲಸಕ್ಕ ಯಾವುದು ಅಂತ ಸರಿಯಾಗಿ ಗೊತ್ತಾಗ್ತೈತಿ. ನಾ ಬರಿಯೂ ಮುಂದ ಆಗೂದುಲ್ಲ. ನನಗ ಕೇಳಾಕ ಆ ಕಡೆ ಯಾರೂ ಇಲ್ಲಲ್ಲ" ಎಂದರು. ನಾನೂ ಅವರ ಜೊತೆ ನಕ್ಕೆ.

ಪರೀಕ್ಷೆ ಭಾನುವಾರ ಇತ್ತು. ಶನಿವಾರ ಸಂಜೆ ಕೆಲಸ ಬಿಟ್ಟ ಮೇಲೆ ಕಿಂಡಿಗೆ ಹೋದೆ. ಮಾರನೆಯ ದಿನ ಇಬ್ಬರೂ ಬರೆಯಬೇಕಾಗಿತ್ತು. ನನಗದು ಮೊದಲನೆಯದು, ಅವರಿಗೆ ಕೊನೆಯದು.

"ಕಡೇ ಪದ ಒಂದ್ ಕೊಡಿ ಸಾರ್" ಎಂದೆ.

ಅವರು ಹಲಗೆಯನ್ನೆಲ್ಲ ಹುಡುಕಿ ಒಂದು ಸಣ್ಣ ಚೀಟಿ ತೆಗೆದರು. ಹೀಡ್. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರದ ಪದ. "ಹೀಡ್ ಅಂದ್ರ ಬರೇ ಕಿವಿಲೇ ಕೇಳೂದಲ್ಲ. ಕೇಳಿ, ಹಂಗs ನಡಿಯೂದು" ಎಂದರು. ಬಿಲ್ಲೆ ಕೊಟ್ಟೆ, ಅವರು ಮೊಳೆಗೆ ಸಿಕ್ಕಿಸಿದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬಸ್ಸು ಹಿಡಿಯಬೇಕಾಗಿತ್ತು. ಆದರೆ ನನಗೆ ಅವರ ಮೇಲೆ ಅಕ್ಕರೆ ಇತ್ತು, ಇಪ್ಪತ್ಮೂರು ವಯಸ್ಸಿನ ಜಂಬವೂ ಇತ್ತು.

"ಸಾರ್, ತಪ್ಪು ತಿಳ್ಕೋಬೇಡಿ. ಈ ಸಲ ದೊಡ್ಡ ಪದ ಬೇಡ ಸಾರ್. ಒಂದೂ ಬೇಡ. ಕಿಂಡಿ ಹತ್ರ ನಮ್ ಜೊತೆ ಮಾತಾಡ್ತೀರಲ್ಲ, ಹಂಗೆ ಚಿಕ್ಕದಾಗಿ ಬರೀರಿ."

ಅವರು ತಮ್ಮ ಹಲಗೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದರು. "ಒಂದೂ ಬ್ಯಾಡಂತಿ?"

"ಒಂದೂ ಬೇಡ ಸಾರ್."

"ಆತು ತಂಗೆವ್ವಾ. ನೀ ಹೇಳ್ದಂಗ ಆಗ್ಲಿ."

ಪರೀಕ್ಷೆ ನಡೆದದ್ದು ಕ್ಯಾಂಟೀನ್ ಹಾಲಿನಲ್ಲಿ. ಸಾಂಬಾರಿನ ವಾಸನೆ ಇನ್ನೂ ಮೇಜುಗಳಿಗೆ ಅಂಟಿಕೊಂಡಿತ್ತು. ಪ್ರಬಂಧದ ವಿಷಯ, ನಾನು ಕೆಲಸ ಮಾಡುವ ಜಾಗ. ಪ್ರಶ್ನೆಪತ್ರಿಕೆ ನೋಡಿದ ಮೇಲೆ ನನ್ನ ತಲೆ ಖಾಲಿಯಾಯಿತು. ಹಿಂದಿನ ಸಂಜೆ ನಾನೇ ಕೊಟ್ಟ ಉಪದೇಶ ನನಗೆ ನೆನಪಾಗಲಿಲ್ಲ. ಹೆದರಿಕೆಯಲ್ಲಿ ಕೈಗೆ ಸಿಕ್ಕಿದ್ದು ಮೇಷ್ಟ್ರ ಪದಗಳು, ಅವನ್ನೇ ಒಂದರ ಮೇಲೊಂದು ಪೇರಿಸಿದೆ. ನಮ್ಮ ಕಾರ್ಖಾನೆ ಭೀಮಾಕಾರದ ಕೊಲೊಸಲ್ ಆಯಿತು, ಕಾರ್ಮಿಕರು ದಣಿವೇ ಅರಿಯದ ಇಂಡಿಫ್ಯಾಟಿಗಬಲ್ ಆದರು. ನಾಲ್ಕು ಪುಟ ತುಂಬಿತು. ನಾನಿನ್ನೂ ಬರೆಯುತ್ತಿರುವಾಗಲೇ ಮೇಷ್ಟ್ರು ಎದ್ದು ಪತ್ರಿಕೆ ಕೊಟ್ಟು ಹೊರಟರು. ಬಾಗಿಲಲ್ಲಿ ತಿರುಗಿ ನನ್ನ ಕಡೆ ನೋಡಿ ತಲೆಯಾಡಿಸಿದರು. ಹಗುರಾದವರ ಮುಖ ಅದು. ನನಗೆ ಹೊಟ್ಟೆಕಿಚ್ಚಾಯಿತು.

ತಿಂಗಳ ಮೇಲೆ ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಿದರು. ನನ್ನದು ಮೊದಲನೆಯದು. ಅವರದು ಇರಲಿಲ್ಲ. ಕಿಂಡಿಗೆ ಹೋಗುವಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. "ಬೇಷ್" ಎಂದರು. "ನಿಮ್ದು ಸಾರ್?" ಎಂದರೆ, "ನಂದು ಮುಗೀತು" ಎಂದರು. ಅವತ್ತು ಸಂಜೆಯೇ ಚಿಕ್ಕ ಹಲಗೆಯ ಚೀಟಿಗಳನ್ನೆಲ್ಲ ಇಳಿಸಿ, ಆ ಮೊಳೆಗಳಿಗೆ ಡ್ರಿಲ್ ಬಿಟ್ಟುಗಳನ್ನು ತೂಗುಹಾಕಿದರು. ಕೋಪದಿಂದಲ್ಲ, ಜಾಗ ಬೇಕಾಗಿತ್ತು. ಒಂದು ಮೊಳೆಯನ್ನು ಮಾತ್ರ ಹಾಗೇ ಬಿಟ್ಟರು. ಅದರ ಮೇಲೆ ೬೧೪ ಇತ್ತು.

ಕೆಳಗಿನಿಂದ ಮಹಡಿಗೆ ವರ್ಗವಾಗುವವರು ಐದೂ ಬಿಲ್ಲೆ ಒಪ್ಪಿಸಿ ಮೇಷ್ಟ್ರ ಸಹಿ ಪಡೆಯಬೇಕಿತ್ತು. ನಾನು ನಾಲ್ಕು ಕೊಟ್ಟೆ.

"ಒಂದು ನನ್ನ ಹಂತ್ಯಾಕ ಐತಿ. ಪದಾ ತಿರುಗಿ ಕೊಡು, ಬಿಲ್ಲೆ ಜಮಾ ಮಾಡ್ಕೋತೀನಿ" ಎಂದರು.

"ಇನ್ನೂ ಏನೂ ನಡೆದಿಲ್ಲ ಸಾರ್, ಅದಕ್ಕೆ ವಾಕ್ಯ ಸಿಕ್ಕಿಲ್ಲ" ಎಂದೆ. ಆಗ ಅದು ನಿಜವೆಂದೇ ತಿಳಿದಿದ್ದೆ.

"ನಡೀಲಿ. ಅವಸರ ಇಲ್ಲ" ಎಂದು ಐದು ಎಂದೇ ಬರೆದು ಸಹಿ ಹಾಕಿದರು. ಯಾರ ಸಾಮಾನಿಗೂ ಹಾಗೆ ಸುಳ್ಳು ಬರೆದವರಲ್ಲ.

ಮೇಲೆ ನನಗೆ ಬೆತ್ತದ ಕುರ್ಚಿ ಕೊಟ್ಟರು. ಮೂರು ವರ್ಷ ಅದರಲ್ಲಿ ಕೂತು ಕೆಲಸ ಮಾಡಿದ ಮೇಲೆ ಒಂದು ದಿನ ತರಬೇತಿ ವಿಭಾಗದವರು ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಹರಿದುಹಾಕಲು ನಮ್ಮ ಕೋಣೆಯಲ್ಲಿ ತಂದಿಟ್ಟರು. ನಮ್ಮ ಸಲದ ಕಟ್ಟು ಕೈಗೆ ಸಿಕ್ಕಿತು. ನನ್ನದರ ಮೇಲೆ ಕೆಂಪು ಶಾಯಿಯಲ್ಲಿ, ಶಬ್ದಸಂಪತ್ತು ಉತ್ತಮ ಎಂದಿತ್ತು. ಪರೀಕ್ಷಕರು ಆ ವರ್ಷ ಬದಲಾಗಿದ್ದರು, ಡಿಕ್ಷನರಿ ನುಂಗಿದವರನ್ನು ಇಷ್ಟಪಡುವವರು ಬಂದಿದ್ದರು. ಮೇಷ್ಟ್ರದು ಅರ್ಧ ಪುಟ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ನಾನು ಒಂದು ಕಿಂಡಿಯ ಹತ್ತಿರ ನಿಲ್ಲುತ್ತೇನೆ. ಬೆಳಿಗ್ಗೆ ಜನ ಬರುತ್ತಾರೆ. ಅವರು ಕೇಳಿದ್ದನ್ನು ಕೊಡುತ್ತೇನೆ. ಅವರು ಏನು ಮಾಡುತ್ತಾರೋ ನನಗೆ ಕಾಣುವುದಿಲ್ಲ, ಸದ್ದು ಕೇಳುತ್ತದೆ. ಸಂಜೆ ಎಲ್ಲ ವಾಪಸ್ ಬರುತ್ತವೆ. ಕೆಲವು ಬಿಸಿಯಾಗಿರುತ್ತವೆ. ಎಲ್ಲ ಬಂದ ಮೇಲೆ ನಾನು ಮನೆಗೆ ಹೋಗುತ್ತೇನೆ."

ಒಂದೂ ದೊಡ್ಡ ಪದವಿರಲಿಲ್ಲ. ಒಂದು ತಪ್ಪೂ ಇರಲಿಲ್ಲ. ಕೆಳಗೆ ಅದೇ ಕೆಂಪು ಶಾಯಿ: ಶಬ್ದಸಂಗ್ರಹ ಸಾಲದು. ಪಾಸಾಗಲು ಆರು ಅಂಕ ಕಡಿಮೆ.

ಆ ಆಫೀಸಿನಲ್ಲಿ ನಾನು ಓದಿದ ಇಂಗ್ಲಿಷಿನಲ್ಲೆಲ್ಲ ಚೆನ್ನಾಗಿದ್ದದ್ದು ಆ ಅರ್ಧ ಪುಟವೇ. ಅದನ್ನು ನಾಲ್ಕಾಗಿ ಹರಿದು ಮಿಕ್ಕವುಗಳ ಜೊತೆ ಗೋಣಿಚೀಲಕ್ಕೆ ಹಾಕಿದೆ. ಹರಿಯುವುದು ನನ್ನ ಕೆಲಸವಾಗಿತ್ತು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೆಟ್ಟಿಲು ಇಳಿದರೆ ಎಡಕ್ಕೆ ಕಿಂಡಿ. ಹೋಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಳೆ ಎಂದುಕೊಂಡೆ, ಆಮೇಲೆ ಹಬ್ಬ ಕಳೆಯಲಿ ಎಂದುಕೊಂಡೆ, ಆಮೇಲೆ ಹೇಳಿ ಏನು ಪ್ರಯೋಜನ ಎಂದುಕೊಂಡೆ. ಹೀಗೆಯೇ ಆರು ವರ್ಷ. ನಾನು ಹಿಂಬದಿಯ ಮೆಟ್ಟಿಲು ಬಳಸುವುದನ್ನು ರೂಢಿ ಮಾಡಿಕೊಂಡೆ. ಕ್ಯಾಂಟೀನಿನಲ್ಲಿ ಎದುರಾದರೆ "ಏನವಾ, ಆರಾಮಾ?" ಎನ್ನುವರು, ನಾನು "ಆರಾಮ್ ಸಾರ್" ಎನ್ನುವೆ. ಕಣ್ಣು ಮಾತ್ರ ಅವರ ಪ್ಯಾಂಟಿನ ಅಂಚಿಗೆ ಹೋಗುತ್ತಿತ್ತು. ಮೊದಲು ಎಡಗಾಲಿಗೆ ಬ್ಯಾಂಡೇಜು ಬಂತು, ಆಮೇಲೆ ಎರಡಕ್ಕೂ. ಕೊನೆಯ ವರ್ಷ ಚಪ್ಪಲಿ ಹಾಕಿಕೊಂಡು ಬರಲು ಅವರಿಗೆ ವಿಶೇಷ ಅನುಮತಿ ಕೊಟ್ಟಿದ್ದರು, ಶೂಗಳಲ್ಲಿ ಪಾದ ಹಿಡಿಸುತ್ತಿರಲಿಲ್ಲ.

ಅವರು ನಿವೃತ್ತರಾದಾಗ ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಬರೆಯುವ ಕೆಲಸ ನನಗೇ ಬಂತು. ಕಟ್ಟು ಹಾಕಿಸಿ ಕೊಡುವಂಥದ್ದು. ಹಲಗೆಯ ಮೇಲಿದ್ದ ಪದಗಳನ್ನು ನೆನಪಿನಿಂದ ಒಂದೊಂದಾಗಿ ಇಳಿಸಿ ಅದರಲ್ಲಿ ಕೂರಿಸಿದೆ. ಸಭೆಯಲ್ಲಿ ಓದಿದವಳೂ ನಾನೇ. ವೇದಿಕೆಯ ಮೇಲೆ ಅವರಿಗೆ ಕುರ್ಚಿ ಹಾಕಿದ್ದರು, ಕೂತು ಕೇಳಿದರು. ಒಂದೊಂದು ಪದ ಬಂದಾಗಲೂ ಅವರ ಬೆರಳು ಮೊಳಕಾಲಿನ ಮೇಲೆ ಸಣ್ಣಗೆ ಅಲುಗುತ್ತಿತ್ತು. ಆಮೇಲೆ ಹಾರ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದರು.

"ಎಲ್ಲಾ ತಿರುಗಿ ಬಂದುವು ತಂಗೆವ್ವಾ. ಒಂದs ಉಳೀತು."

ಅವರಿಗೆ ಎಲ್ಲ ಗೊತ್ತಿತ್ತೋ, ಬರೀ ಬಿಲ್ಲೆಯ ಲೆಕ್ಕ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. "ಕೊಡ್ತೀನಿ ಸಾರ್" ಎಂದೆ. ಅಷ್ಟರಲ್ಲಿ ಯಾರೋ ಅವರನ್ನು ಫೋಟೋಗೆ ಕರೆದರು.

ಬಸ್ಸಿನಲ್ಲಿ ಸುದ್ದಿ ಕೇಳಿದ ಮೇಲಿನ ಭಾನುವಾರ ದಾಸರಹಳ್ಳಿಗೆ ಹೋದೆ. ಹದಿಮೂರನೆಯ ದಿನದ ಕಾರ್ಯ ಮುಗಿದಿತ್ತು. ಅವರ ಹೆಂಡತಿ ನನ್ನನ್ನು ಹಿಂದೆ ಕಂಡವರಲ್ಲ. ಹೆಸರು ಹೇಳಿದೆ, ಗುರುತಾಗಲಿಲ್ಲ. ನಂಬರು ಹೇಳಿದೆ.

"ಆರ್ನೂರಾ ಹದಿನಾಕು ನೀನೇನವಾ!" ಎಂದು ಎದ್ದುಹೋಗಿ ದೇವರ ಗೂಡಿನಿಂದ ಒಂದು ಬಿಲ್ಲೆ ತಂದರು. "ಕೆಲಸ ಬಿಟ್ಟ ದಿನಾ ತಂದಿಟ್ಟಿದ್ರು. ಇದರ ಹುಡುಗಿ ಬರ್ತಾಳ, ಒಂದ್ ಮಾತು ಹೇಳ್ತಾಳ, ಹೇಳಿದ ಮ್ಯಾಲ ಕೊಡು ಅಂದಿದ್ರು. ಏನ್ ಮಾತು ಅಂದ್ರ ಅದನ್ನ ಹೇಳ್ಲಿಲ್ಲ."

ಆಕೆ ಬಿಲ್ಲೆಯನ್ನು ಹಿಡಿದುಕೊಂಡೇ ಕಾಯುತ್ತಿದ್ದರು. ಆಕೆಗೆ ಇಂಗ್ಲಿಷ್ ಬಾರದು. ನಾನು ಹೀಡ್ ಪದದ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ.

"ಅವ್ರು ನನ್ ಮಾತು ಕೇಳಿದ್ರು."

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಷ್ಟು ದಿನದಲ್ಲಿ ಮೊದಲ ಸಲವೋ ಏನೋ, ನಕ್ಕರು.

"ಅವ್ರು ಯಾರ ಮಾತು ಕೇಳ್ಯಾರವಾ? ಮೂವತ್ತೊರ್ಷ ನಾ ಹೇಳಿ ಹೇಳಿ ಸಾಕಾತು. ಕಾಲಿಗೆ ಎಣ್ಣಿ ಹಚ್ಕೋರಿ ಅಂದ್ರ ಕೇಳ್ಲಿಲ್ಲ. ರಜಾ ಹಾಕ್ರಿ ಅಂದ್ರ ಕೇಳ್ಲಿಲ್ಲ. ನೀ ಅಂಥಾದ್ದೇನ್ ಹೇಳಿದ್ದೆವಾ, ಅವ್ರು ಕೇಳೂವಂಥಾದ್ದು?"

"ಚಿಕ್ಕದಾಗಿ ಬರೀರಿ ಅಂದಿದ್ದೆ."

"ಅಷ್ಟs?" ಎಂದು ಆಕೆ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟು, ಚಹಾ ಮಾಡಲು ಒಳಗೆ ಹೋದರು.